ಬಾಯಿ-ಗಂಟಲಿನ ಕ್ಯಾನ್ಸರ್: ರಕ್ತಪರೀಕ್ಷೆಯ ಚೀಟಿ ಏನು ಹೇಳುತ್ತದೆ?

ಕಳೆದ ಮಳೆಗಾಲದ ಕೊನೆಗೆ, ಅಡಿಕೆಗೆ ಮೂರನೆಯ ಸಲ ಬೋರ್ಡೊ ದ್ರಾವಣ ಹೊಡೆಯುವ ಗಡಿಬಿಡಿಯಲ್ಲಿ, ಕಳಸದ ಕಡೆಯ ನಮ್ಮ ಸದಸ್ಯರೊಬ್ಬರು ಮೈಲುತುತ್ತ ಕೊಳ್ಳಲು ಸಂಘದ ಮಳಿಗೆಗೆ ಬಂದಿದ್ದರು. ಬಿಲ್ಲು ಬರೆಸಿದ ಮೇಲೂ ಹೊರಡದೆ, ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಅವರ ದೊಡ್ಡಪ್ಪನ ರಕ್ತಪರೀಕ್ಷೆಯ ವರದಿ.

"ದೊಡ್ಡಪ್ಪನಿಗೆ ಕೆನ್ನೆಯ ಒಳಗೆ ಹುಣ್ಣಾಗಿ, ಕ್ಯಾನ್ಸರ್ ಎಂದು ಗೊತ್ತಾಗಿದೆ. ಈ ಚೀಟಿ ನೋಡಿದ ಪರಿಚಯದವರೊಬ್ಬರು, ಎನ್.ಎಲ್.ಆರ್. ಎಂಬ ಲೆಕ್ಕ ಐದು ದಾಟಿದರೆ ಆಸೆ ಇಟ್ಟುಕೊಳ್ಳಬೇಡಿ ಎಂದುಬಿಟ್ಟರು. ಅಂದಿನಿಂದ ದೊಡ್ಡಪ್ಪ, ಉಳಿಯದ ಜೀವಕ್ಕೆ ತೋಟ ಯಾಕೆ ಅಡವಿಡುತ್ತೀರಿ, ಆಸ್ಪತ್ರೆ ಬೇಡ ಎಂದು ಕೂತಿದ್ದಾರೆ. ಆ ಮಾತು ನಿಜವೇ?" ಎಂದು ಕೇಳಿದರು.

ಆ ಕ್ಷಣಕ್ಕೆ ಸರಿಯಾದ ಉತ್ತರ ನಮ್ಮಲ್ಲಿರಲಿಲ್ಲ. ವೈದ್ಯರ ಹತ್ತಿರ ಮತ್ತೊಮ್ಮೆ ಕೇಳದೆ ಏನನ್ನೂ ನಿರ್ಧರಿಸಬೇಡಿ ಎಂದಷ್ಟೇ ಹೇಳಿ ಕಳಿಸಿದೆವು. ಅನಂತರ ತಿಳಿದವರನ್ನು ವಿಚಾರಿಸಿ, ಓದಿ ಅರ್ಥ ಮಾಡಿಕೊಂಡದ್ದನ್ನು ಸದಸ್ಯರೆಲ್ಲರ ಉಪಯೋಗಕ್ಕಾಗಿ ಪಾಠದ ರೂಪದಲ್ಲಿ ಇಲ್ಲಿ ಕೊಡುತ್ತಿದ್ದೇವೆ. ನಾವು ವೈದ್ಯರಲ್ಲ. ಈ ಲೇಖನ ವೈದ್ಯರ ಸಲಹೆಗೆ ಬದಲಿಯೂ ಅಲ್ಲ. ವೈದ್ಯರ ಮುಂದೆ ಕುಳಿತಾಗ ಯಾವ ಪ್ರಶ್ನೆ ಕೇಳಬೇಕೆಂದು ತಿಳಿದಿದ್ದರೆ ಸಾಕು ಎಂಬುದೇ ನಮ್ಮ ಉದ್ದೇಶ.

ರೋಗ ಯಾವುದು?

ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ವಸಡು, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ, ಇವುಗಳಲ್ಲಿ ಹುಟ್ಟುವ ಅರ್ಬುದ ರೋಗಗಳನ್ನು ಒಟ್ಟಾಗಿ ತಲೆ-ಕುತ್ತಿಗೆಯ ಕ್ಯಾನ್ಸರ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇವುಗಳ ಪೈಕಿ ಬಾಯಿಯ ಕ್ಯಾನ್ಸರೇ ಮುಂದು. 2022ನೇ ಇಸವಿಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಕಂಡವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಅದರಿಂದ ತೀರಿಕೊಂಡವರು 80 ಸಾವಿರದಷ್ಟು.

ಹೊಗೆಸೊಪ್ಪು, ಬೀಡಿ-ಸಿಗರೇಟು, ಮದ್ಯ, ಇವು ಕಾರಣಗಳೆಂಬುದು ಎಲ್ಲರೂ ಬಲ್ಲ ಮಾತು. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹೇಳಲು ನಾಲಿಗೆ ತಡೆಯುವ ಇನ್ನೊಂದು ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ-ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಹೇಳಿತು. 2004ರಲ್ಲಿ ಹೊರಬಂದ ಅದರ ಸಂಪುಟವು ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಈ ತೀರ್ಮಾನವನ್ನು ಒಪ್ಪಿಲ್ಲ; ಆ ವಾದ ನಡೆಯುವ ಜಾಗ ಬೇರೆ. ನಮ್ಮ ಮನೆಯ ಹಿರಿಯರ ಬಾಯಿಯಲ್ಲಿ ಹುಣ್ಣಾದಾಗ ಮಾತ್ರ ಬೆಳೆಯ ಅಭಿಮಾನವನ್ನು ಪಕ್ಕಕ್ಕಿಟ್ಟು ನೋಡತಕ್ಕದ್ದು ನಮ್ಮ ಕರ್ತವ್ಯ.

ಉರಿಯೂತವೆಂದರೇನು?

ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಗಾಯವಾದಲ್ಲಿಗೆ ರಕ್ತದ ಬಿಳಿಯ ಕಣಗಳು ಧಾವಿಸಿ ಬಂದು ಶುಚಿ ಮಾಡಿ, ಕೆಲಸ ಮುಗಿದ ಮೇಲೆ ಹಿಂದಿರುಗುವುದು ಆರೋಗ್ಯವಂತ ದೇಹದ ಕ್ರಮ.

ಕ್ಯಾನ್ಸರಿನ ಗಂಟಿನಲ್ಲಿಯೂ ಬಿಳಿಯ ಕಣಗಳು ಸೇರಿಕೊಂಡಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲಿಯೇ ಗುರುತಿಸಿದ್ದರು. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಕ್ಯಾನ್ಸರ್ ಗಂಟನ್ನು ಮಾಯದ ಗಾಯಕ್ಕೆ ಹೋಲಿಸಿದರು. ಗಾಯ ಮಾಯದಿದ್ದರೆ ಕರೆಗೆ ಬಂದ ಕಣಗಳೂ ಹಿಂದಿರುಗುವುದಿಲ್ಲ. ಬಹಳ ದಿನ ಅಲ್ಲಿಯೇ ಉಳಿದ ಕೆಲವು ಕಣಗಳು ಗಂಟಿಗೆ ಹೊಸ ರಕ್ತನಾಳಗಳನ್ನು ಒದಗಿಸಿ ಅದರ ಬೆಳವಣಿಗೆಗೇ ನೆರವಾಗುತ್ತವೆ. ಗಂಟಿನಿಂದ ಹೊರಡುವ ಸಂಕೇತಗಳು ಎಲುಬಿನ ಮಜ್ಜೆ ಮತ್ತು ಯಕೃತ್ತನ್ನು ಮುಟ್ಟುವುದರಿಂದ ಇಡೀ ದೇಹದ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ಈ ಬದಲಾವಣೆಯನ್ನು ಅಳೆಯುವ ಅಂಕಿಗಳಿಗೇ ಉರಿಯೂತದ ಸೂಚಕಗಳೆಂದು ಹೆಸರು.

ಲೆಕ್ಕ ಹಾಕುವ ವಿಧಾನ

ಬಿಳಿಯ ಕಣಗಳಲ್ಲಿ ಹಲವು ಬಗೆ. ಅವುಗಳಲ್ಲಿ ಎರಡು ನಮಗೆ ಮುಖ್ಯ. ಮೊದಲನೆಯದು ನ್ಯೂಟ್ರೊಫಿಲ್: ಸೋಂಕು ತಗುಲಿದೊಡನೆ ಮೊದಲು ಓಡಿ ಬರುವ ಕಣ. ಎರಡನೆಯದು ಲಿಂಫೊಸೈಟ್: ಶತ್ರುವನ್ನು ಗುರುತಿಟ್ಟು ಹೊಡೆಯುವ ಕಣ, ಕ್ಯಾನ್ಸರ್ ಜೀವಕೋಶಗಳ ವಿರುದ್ಧ ಹೋರಾಡುವುದರಲ್ಲಿ ಇದರ ಪಾತ್ರ ದೊಡ್ಡದು. ನ್ಯೂಟ್ರೊಫಿಲ್ ಸಂಖ್ಯೆಯನ್ನು ಲಿಂಫೊಸೈಟ್ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಎನ್.ಎಲ್.ಆರ್. ತೀವ್ರ ಕಾಯಿಲೆಯಲ್ಲಿರುವವರ ಸ್ಥಿತಿ ತಿಳಿಯಲು ಈ ಸರಳ ಲೆಕ್ಕ ಸಾಕೆಂದು ಸ್ಲೊವಾಕಿಯದ ವೈದ್ಯ ಜಾಹೊರೆಟ್ಸ್ 2001ರಲ್ಲಿ ತೋರಿಸಿದ ಮೇಲೆ ಇದು ಎಲ್ಲೆಡೆ ಬಳಕೆಗೆ ಬಂತು. ಇದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿಯೂ ಆಗುವ ಸಾಮಾನ್ಯ ರಕ್ತಕಣಗಳ ಎಣಿಕೆಯ ಚೀಟಿಯಿಂದಲೇ ಲೆಕ್ಕ ಹಾಕಬಹುದು.

ಎರಡು ಚೀಟಿಗಳನ್ನು ಹೋಲಿಸಿ ನೋಡೋಣ.

ಆರೋಗ್ಯವಂತರೊಬ್ಬರ ಚೀಟಿ: ಒಟ್ಟು ಬಿಳಿಯ ಕಣ 6,500, ನ್ಯೂಟ್ರೊಫಿಲ್ ಶೇಕಡಾ 60, ಲಿಂಫೊಸೈಟ್ ಶೇಕಡಾ 30. ಅರವತ್ತನ್ನು ಮೂವತ್ತರಿಂದ ಭಾಗಿಸಿದರೆ 2. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಈ ಅಂಕಿ 1ರಿಂದ 3ರ ಒಳಗಿರುತ್ತದೆ.

ದೊಡ್ಡಪ್ಪನವರ ಚೀಟಿ: ಒಟ್ಟು ಬಿಳಿಯ ಕಣ 9,600, ನ್ಯೂಟ್ರೊಫಿಲ್ ಶೇಕಡಾ 78, ಲಿಂಫೊಸೈಟ್ ಶೇಕಡಾ 15. ಭಾಗಿಸಿದರೆ 5.2.

ಇದೇ ಮಾದರಿಯ ಇನ್ನೂ ಕೆಲವು ಲೆಕ್ಕಗಳಿವೆ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಲಿಂಫೊಸೈಟ್ ಸಂಖ್ಯೆಯಿಂದ ಭಾಗಿಸುವುದು ಒಂದು. ಯಕೃತ್ತಿನಲ್ಲಿ ತಯಾರಾಗುವ ಸಿ.ಆರ್.ಪಿ. ಎಂಬ ಪ್ರೋಟೀನನ್ನು ಅಳೆಯುವುದು ಇನ್ನೊಂದು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಉರಿಯೂತ ಹೆಚ್ಚಿದಾಗ ಸಿ.ಆರ್.ಪಿ. ಏರುತ್ತದೆ, ಆಲ್ಬ್ಯುಮಿನ್ ಎಂಬ ಇನ್ನೊಂದು ಪ್ರೋಟೀನು ಇಳಿಯುತ್ತದೆ. ಸಿ.ಆರ್.ಪಿ. ಒಂದು ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಒಂದು ಅಂಕ, ಆಲ್ಬ್ಯುಮಿನ್ 35 ಗ್ರಾಂಗಿಂತ ಕೆಳಗಿಳಿದರೆ ಇನ್ನೊಂದು ಅಂಕ ಎಂಬ ಪದ್ಧತಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ 2003ರಲ್ಲಿ ಬಂತು.

ಜಪಾನಿನ ಒನೊಡೆರ ಮತ್ತು ಸಂಗಡಿಗರು 1984ರಲ್ಲಿ ಹೊಟ್ಟೆ-ಕರುಳಿನ ಶಸ್ತ್ರಚಿಕಿತ್ಸೆಗೆ ಬರುವವರಿಗಾಗಿ ಪೋಷಣೆಯ ಸೂಚ್ಯಂಕವೊಂದನ್ನು ರೂಪಿಸಿದರು. 100 ಮಿಲಿಲೀಟರ್ ರಕ್ತಸಾರದಲ್ಲಿ ಎಷ್ಟು ಗ್ರಾಂ ಆಲ್ಬ್ಯುಮಿನ್ ಇದೆಯೋ ಅದನ್ನು ಹತ್ತರಿಂದ ಗುಣಿಸಿ, ಲಿಂಫೊಸೈಟ್ ಸಂಖ್ಯೆಯನ್ನು 0.005ರಿಂದ ಗುಣಿಸಿ, ಎರಡನ್ನೂ ಕೂಡಬೇಕು. ನಮ್ಮ ಮೊದಲ ಚೀಟಿಯವರಿಗೆ ಆಲ್ಬ್ಯುಮಿನ್ 4.2, ಲಿಂಫೊಸೈಟ್ 1,950 ಆದರೆ ಸೂಚ್ಯಂಕ 51.75. ದೊಡ್ಡಪ್ಪನವರಿಗೆ ಆಲ್ಬ್ಯುಮಿನ್ 3.1, ಲಿಂಫೊಸೈಟ್ 1,440, ಸೂಚ್ಯಂಕ 38.2. ಕಡಿಮೆಯಾದಷ್ಟೂ ಪೋಷಣೆ ಸಾಲದು ಎಂದರ್ಥ. ಈ ಅಂಕಿಯ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇವೆ.

ಅಂಕಿ ಏರಿದರೆ ಅರ್ಥವೇನು?

ಹಲವು ಬಗೆಯ ಗಂಟಿನ ಕ್ಯಾನ್ಸರುಗಳ ಮೇಲೆ ನಡೆದ 100 ಅಧ್ಯಯನಗಳನ್ನು, ಅಂದರೆ 40,559 ರೋಗಿಗಳ ವಿವರವನ್ನು, 2014ರಲ್ಲಿ ಟೆಂಪಲ್ಟನ್ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದರು. ಎನ್.ಎಲ್.ಆರ್. ಹೆಚ್ಚಿದ್ದ ಗುಂಪಿನಲ್ಲಿ ಸಾವಿನ ಸಂಭವ ಕಡಿಮೆಯಿದ್ದ ಗುಂಪಿಗಿಂತ 1.81 ಪಟ್ಟು ಇತ್ತು. ಬಾಯಿ-ಗಂಟಲಿನ ಕ್ಯಾನ್ಸರಿನ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಆದ್ದರಿಂದ ಪರಿಚಯದವರು ಹೇಳಿದ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ.

ಆದರೆ 1.81 ಪಟ್ಟು ಎಂದರೆ ಎಷ್ಟು? ಒಂದು ಲೆಕ್ಕದ ಉದಾಹರಣೆ ತೆಗೆದುಕೊಳ್ಳೋಣ. ಅಂಕಿ ಕಡಿಮೆಯಿದ್ದ 100 ಜನರಲ್ಲಿ ಒಂದು ಅವಧಿಯೊಳಗೆ 20 ಜನ ತೀರಿಕೊಂಡರೆಂದು ಇಟ್ಟುಕೊಳ್ಳಿ. ಆಗ ಅಂಕಿ ಹೆಚ್ಚಿದ್ದ 100 ಜನರಲ್ಲಿ ಸುಮಾರು 33 ಜನ ತೀರಿಕೊಂಡಿರುತ್ತಾರೆ. ಅಂದರೆ ಅಂಕಿ ಹೆಚ್ಚಿದ್ದರೂ 67 ಜನ ಬದುಕಿರುತ್ತಾರೆ! ಅಪಾಯ ಹೆಚ್ಚಿದೆ ಎನ್ನುವುದು ಬೇರೆ, ಆಸೆಯಿಲ್ಲ ಎನ್ನುವುದು ಬೇರೆ.

ಇದು ಗುಂಪಿನ ಲೆಕ್ಕ ಎಂಬುದನ್ನೂ ಮರೆಯಬಾರದು. ಮೂಡಿಗೆರೆ ತಾಲ್ಲೂಕಿನ ಸರಾಸರಿ ಮಳೆ ಎಷ್ಟೆಂದು ತಿಳಿದ ಮಾತ್ರಕ್ಕೆ ನಮ್ಮ ತೋಟಕ್ಕೆ ಈ ಸಲ ಹೂಮಳೆ ಎಷ್ಟು ಬಿದ್ದೀತೆಂದು ಯಾವ ಬೆಳೆಗಾರನೂ ಹೇಳಲಾರ. ಅದಕ್ಕಾಗಿಯೇ ನಾವು ನಮ್ಮ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡಿದ್ದೇವೆ. ಸಾವಿರಾರು ರೋಗಿಗಳ ಸರಾಸರಿಯನ್ನು ಒಬ್ಬ ದೊಡ್ಡಪ್ಪನ ಹಣೆಬರಹವೆಂದು ಓದುವುದು ಅಂಥದೇ ತಪ್ಪು. ಅಲ್ಲದೆ ಗಡಿರೇಖೆಯೂ ಒಂದೇ ಅಲ್ಲ. ಒಂದು ಅಧ್ಯಯನ ಎರಡೂವರೆಯನ್ನು ಹೆಚ್ಚೆಂದರೆ, ಇನ್ನೊಂದು ಐದನ್ನು ಹೆಚ್ಚೆನ್ನುತ್ತದೆ. "ಐದು ದಾಟಿದರೆ" ಎಂಬ ಕಟ್ಟಳೆ ಎಲ್ಲಿಯೂ ಸ್ಥಿರಪಟ್ಟಿಲ್ಲ.

ಅಂಕಿಯನ್ನು ಏರಿಳಿಸುವ ಇತರ ಕಾರಣಗಳು

ಕಾಫಿ ಗಿಡದ ಎಲೆ ಹಳದಿಯಾಗಿ ಬಾಡಿದರೆ ಬಿಳಿ ಕಾಂಡಕೊರಕ ಹೊಕ್ಕಿರಬಹುದು, ಬೇರು ರೋಗವಿರಬಹುದು, ನೀರು ನಿಂತಿರಬಹುದು, ಗೊಬ್ಬರ ಸಾಲದಿರಬಹುದು. ಬಾಡಿದ ಎಲೆ ಗಿಡಕ್ಕೆ ಕಷ್ಟವಾಗಿದೆ ಎಂದಷ್ಟೇ ಹೇಳುತ್ತದೆ. ರಕ್ತದ ಅಂಕಿಯೂ ಹಾಗೆಯೇ.

ಹುಳುಕು ಹಲ್ಲಿನ ಕೀವು, ಬಾಯಿಹುಣ್ಣಿಗೆ ತಗುಲಿದ ಸೋಂಕು, ನ್ಯುಮೋನಿಯಾ, ಗದ್ದೆ-ತೋಟದಲ್ಲಿ ದುಡಿಯುವವರಿಗೆ ಬರುವ ಇಲಿಜ್ವರ, ಇವು ನ್ಯೂಟ್ರೊಫಿಲ್ಲನ್ನು ಏರಿಸುತ್ತವೆ. ಬೀಡಿ-ಸಿಗರೇಟಿನ ಅಭ್ಯಾಸವೂ ಬಿಳಿಯ ಕಣಗಳನ್ನು ಹೆಚ್ಚಿಸುತ್ತದೆ. ಉಬ್ಬಸಕ್ಕೋ ಕೀಲುನೋವಿಗೋ ತೆಗೆದುಕೊಳ್ಳುವ ಸ್ಟೀರಾಯ್ಡ್ ಮಾತ್ರೆ ನ್ಯೂಟ್ರೊಫಿಲ್ಲನ್ನು ಏರಿಸಿ ಲಿಂಫೊಸೈಟನ್ನು ಇಳಿಸುತ್ತದೆ. ಡೆಂಗೆ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟು ನಮ್ಮ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿರುವ ಮಂಗನಕಾಯಿಲೆಯಲ್ಲಿ ಬಿಳಿಯ ಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ವಿಕಿರಣ ಚಿಕಿತ್ಸೆ, ನಮ್ಮ ಜನ "ಕರೆಂಟು ಕೊಡುವುದು" ಎನ್ನುವ ಚಿಕಿತ್ಸೆ, ಆರಂಭವಾದ ಮೇಲೆ ಲಿಂಫೊಸೈಟ್ ಕಡಿಮೆಯಾಗುವುದು ಸಹಜ. ಆದುದರಿಂದ ಜ್ವರವಿದ್ದ ದಿನ ತೆಗೆದ ಒಂದೇ ಚೀಟಿಯನ್ನು ಹಿಡಿದು ತೀರ್ಮಾನಕ್ಕೆ ಬರಬಾರದು.

ಚಿಕಿತ್ಸೆಯನ್ನು ನಿರ್ಧರಿಸುವುದು ಯಾವುದು?

ಗಂಟಿನ ಅಗಲ, ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು, ಕುತ್ತಿಗೆಯ ಗ್ರಂಥಿಗಳಿಗೆ ಹಬ್ಬಿದೆಯೇ, ದೂರದ ಅಂಗಗಳಿಗೆ ಹೋಗಿದೆಯೇ, ಇವುಗಳಿಂದ ರೋಗದ ಹಂತವನ್ನು ಗೊತ್ತುಮಾಡುತ್ತಾರೆ. ಬಯಾಪ್ಸಿ, ಸ್ಕ್ಯಾನ್ ಮತ್ತು ವೈದ್ಯರ ಕೈಪರೀಕ್ಷೆ ಇದಕ್ಕೆ ಆಧಾರ. ಹಂತ ನಿರ್ಣಯದ ಈ ಪದ್ಧತಿಯಲ್ಲಿ ಎನ್.ಎಲ್.ಆರ್. ಸೇರಿಲ್ಲ. ಅದು ವೈದ್ಯರಿಗೆ ಪಕ್ಕದ ಸುಳಿವು ಮಾತ್ರ: ಈ ರೋಗಿಯನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕು, ಸೋಂಕಿದೆಯೇ ಹುಡುಕಬೇಕು, ಆಹಾರ ಸರಿಪಡಿಸಬೇಕು ಎಂಬ ಸುಳಿವು.

ಸಕಾಲದ ಚಿಕಿತ್ಸೆ ಎಷ್ಟು ವ್ಯತ್ಯಾಸ ಮಾಡುತ್ತದೆಂಬುದಕ್ಕೆ ನಮ್ಮ ದೇಶದ್ದೇ ಪುರಾವೆಯಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಿ'ಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದವರಿಗೆ ಗಂಟಿನ ಜೊತೆಯಲ್ಲಿಯೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದಾಗ ಮೂರು ವರ್ಷದ ನಂತರ ಬದುಕಿದ್ದವರು ಶೇಕಡಾ 80. ಗ್ರಂಥಿ ಊದಿಕೊಂಡ ಮೇಲೆ ತೆಗೆದರಾಯಿತೆಂದು ಕಾದ ಗುಂಪಿನಲ್ಲಿ ಶೇಕಡಾ 67.5. ಕಾಯುವುದರ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ. ದೊಡ್ಡಪ್ಪನವರಿಗೆ ನಿಜವಾದ ಅಪಾಯ ಚೀಟಿಯಲ್ಲಿದ್ದ 5.2 ಅಲ್ಲ. ಅದನ್ನು ನೋಡಿ ಮನೆಯಲ್ಲಿಯೇ ಕುಳಿತುಬಿಟ್ಟದ್ದು.

ನಮ್ಮ ಕೈಯಲ್ಲಿರುವ ಕೆಲಸ

ಪೋಷಣೆಯ ಸೂಚ್ಯಂಕದ ಮಾತನ್ನು ಈಗ ನೆನಪಿಗೆ ತಂದುಕೊಳ್ಳಿ. ಬಾಯಿಹುಣ್ಣಿನ ನೋವಿನಿಂದ ಅನ್ನ ಸೇರುವುದಿಲ್ಲ. ಕೆಲವರಿಗೆ ಬಾಯಿಯೇ ತೆರೆಯುವುದಿಲ್ಲ. ಗಂಜಿ ತಿಳಿಯೊಂದರಲ್ಲೇ ದಿನ ದೂಡಿದರೆ ತೂಕ ಇಳಿಯುತ್ತದೆ. ಆಲ್ಬ್ಯುಮಿನ್ ಇಳಿಯುವುದಕ್ಕೆ ಉರಿಯೂತವೊಂದೇ ಅಲ್ಲ, ಹಸಿವೂ ಕಾರಣ. ಮೊಟ್ಟೆ, ಹಾಲು, ನುಣ್ಣಗೆ ಅರೆದ ಬೇಳೆ, ರಾಗಿ ಅಂಬಲಿಗೆ ಹಾಲು ಸೇರಿಸಿ ಕೊಡುವುದು ಮನೆಯವರ ಕೆಲಸ. ನುಂಗಲು ಆಗದಿದ್ದರೆ ಮೂಗಿನ ಮೂಲಕ ನಳಿಕೆ ಇಟ್ಟು ಆಹಾರ ಕೊಡುತ್ತಾರೆ. ಅದನ್ನು ಕಂಡು ಮನೆಯವರು ಹೆದರಬಾರದು.

ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ಆರರಿಂದ ಏಳು ವಾರ ನಡೆಯುತ್ತದೆ. ನಡುವೆ ಬಿಟ್ಟರೆ ಅದರ ಗುಣ ಕುಂದುತ್ತದೆ. ಕಾಫಿ ಕೊಯ್ಲಿಗೆಂದೋ ಅಡಿಕೆ ಸುಲಿಸಲೆಂದೋ ಹದಿನೈದು ದಿನ ಊರಿಗೆ ಬಂದು ಹೋಗುವ ಪದ್ಧತಿ ನಮ್ಮಲ್ಲಿದೆ. ಇದು ಕೂಡದು. ಆ ದಿನಗಳಲ್ಲಿ ನೆರೆಯ ತೋಟದವರು ಕೊಯ್ಲು ನೋಡಿಕೊಳ್ಳುವುದೂ ಸಹಕಾರವೇ.

ರೋಗ ಬರುವ ಮೊದಲೇ ಹಿಡಿಯುವುದು ಎಲ್ಲಕ್ಕಿಂತ ಮೇಲು. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಯಂತ್ರವಿಲ್ಲ, ರಕ್ತಪರೀಕ್ಷೆಯಿಲ್ಲ; ಕಣ್ಣು ಮತ್ತು ಟಾರ್ಚು ಮಾತ್ರ.

ನಮ್ಮ ಮನೆಗಳಲ್ಲಿ, ತೋಟದ ಲೈನುಗಳಲ್ಲಿ ವಾಸಿಸುವ ಆಳುಮಕ್ಕಳಲ್ಲಿ ಈ ಕೆಳಗಿನವು ಕಂಡರೆ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು:

1. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು.
2. ಕೆನ್ನೆ, ನಾಲಿಗೆ, ವಸಡಿನಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ.
3. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲಾಗದಂತೆ ಬಾಯಿ ಬಿಗಿಯುವುದು. ಖಾರ ತಾಗಿದರೆ ಉರಿಯುವುದು.
4. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು.
5. ಮೂರು ವಾರ ಮೀರಿ ಒಡೆದ ಧ್ವನಿ, ನುಂಗಲು ಕಷ್ಟ.

ಮೂರನೆಯದು ಅಡಿಕೆ ಅಗಿಯುವವರಲ್ಲಿ ಕಾಣುವ, ಬಾಯಿಯ ಒಳಪೊರೆ ನಾರುಗಟ್ಟುವ ರೋಗ. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ಶೇಕಡಾ 7.6 ಮಂದಿಗೆ ಕ್ಯಾನ್ಸರ್ ಆಯಿತೆಂದು 1985ರಲ್ಲಿ ಪ್ರಕಟವಾಗಿದೆ. ಇಂಥವರು ಕವಳ, ಗುಟ್ಕಾ, ಪಾನ್ ಮಸಾಲೆ ಎಲ್ಲವನ್ನೂ ಬಿಟ್ಟು, ಕಾಲಕಾಲಕ್ಕೆ ಬಾಯಿ ತೋರಿಸಿಕೊಳ್ಳಬೇಕು.

ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಚಾರ್ಮಾಡಿ ಇಳಿದರೆ ಮಂಗಳೂರು, ಕುದುರೆಮುಖದ ದಾರಿಯಲ್ಲಿ ಕಾರ್ಕಳ ದಾಟಿದರೆ ಮಣಿಪಾಲ. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯೂ, ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಮತ್ತೆ ಚಾಲನೆ ಪಡೆದ ಯಶಸ್ವಿನಿ ಯೋಜನೆಯೂ ಇವೆ. ಯಾವ ಚಿಕಿತ್ಸೆ ಯಾವುದರಲ್ಲಿ ಸೇರಿದೆಯೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ತೋಟ ಅಡವಿಡುವ ಮಾತು ಅದಾದ ಮೇಲೆ.

ಕೊನೆಯದಾಗಿ

ಕಳಸದ ಆ ಸದಸ್ಯರು ದೊಡ್ಡಪ್ಪನವರನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ದರು. ಹುಣ್ಣಿನ ಪಕ್ಕದ ದವಡೆ ಹಲ್ಲಿನಲ್ಲಿ ಕೀವು ತುಂಬಿತ್ತು. ಅದನ್ನು ತೆಗೆದು ಔಷಧ ಕೊಟ್ಟು, ಮತ್ತೆ ರಕ್ತ ನೋಡಿದಾಗ ಅಂಕಿ 3.4ಕ್ಕೆ ಇಳಿದಿತ್ತು. ಸದಸ್ಯರು ಸಂತೋಷದಿಂದ ಅದನ್ನು ಹೇಳಿದಾಗ ವೈದ್ಯರು, "ಇಳಿದದ್ದು ಒಳ್ಳೆಯದೇ. ಆದರೆ ಐದು ಇದ್ದಿದ್ದರೂ ನಾನು ಇದೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದೆ" ಎಂದರಂತೆ. ಶಸ್ತ್ರಚಿಕಿತ್ಸೆ ಆಗಿ, ವಿಕಿರಣ ಚಿಕಿತ್ಸೆಯೂ ನಡುವೆ ಬಿಡದೆ ಮುಗಿದಿದೆ. ಮುಂದಿನದನ್ನು ಈಗಲೇ ಯಾರೂ ಹೇಳಲಾರರು. ಎರಡು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಿದ್ದಾರೆ. ಕವಳದ ತಟ್ಟೆಯನ್ನು ಜಗಲಿಯಿಂದ ಒಳಗೆ ಇಟ್ಟಿದ್ದಾರೆಂದು ಕೇಳಿದೆವು.

ಚೀಟಿಯ ಅಂಕಿಯನ್ನು ವೈದ್ಯರ ಮುಂದೆ ಇಡಿ, ಅರ್ಥ ಕೇಳಿ. ಆದರೆ ಅದನ್ನು ನೋಡಿ ಆಸ್ಪತ್ರೆಯ ದಾರಿ ಬಿಡಬೇಡಿ. ಇಂಥ ಚೀಟಿ ಹಿಡಿದು ಕಳವಳದಲ್ಲಿರುವ ನೆರೆಯವರು ಯಾರಾದರೂ ಇದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಬೇಕಾಗಿ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.